ಹತ್ತರ ನಂತರದ ತಿರುವಿನಲ್ಲಿ ವಿದ್ಯಾರ್ಥಿವೇತನ ಕೈತಪ್ಪದಿರಲಿ

(ಬೆಳುಗುಪ್ಪದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪೋಷಕರ ಮುಂದೆ ಆಡಿದ ಮಾತುಗಳ ಬರೆಹರೂಪ)



ಹೊಲದ ಕೆಲಸ, ಮನೆಯ ಕೆಲಸ ಬಿಟ್ಟು ಬಂದಿದ್ದೀರಿ. ಉದ್ದನೆಯ ಪೀಠಿಕೆ ಹಾಕುವುದಿಲ್ಲ. ನಾವು ಕನ್ನಡದವರು ಸೇರಿದಾಗಲೆಲ್ಲ ಪಠ್ಯಪುಸ್ತಕ ತಡವಾಗಿ ಬಂತು, ಕನ್ನಡ ಮೇಷ್ಟ್ರ ಹುದ್ದೆ ಖಾಲಿ ಇದೆ ಎಂಬ ಮಾತೇ ಹೆಚ್ಚು. ಅದು ಬೇಕಾದ ಮಾತೇ. ಆದರೆ ಇವತ್ತು ನಾನು ದುಡ್ಡಿನ ಮಾತಾಡಲು ಬಂದಿದ್ದೇನೆ. ನಮ್ಮ ಮಕ್ಕಳು ಪರೀಕ್ಷೆ ಬರೆದು ಗೆದ್ದ ದುಡ್ಡು. ಗೆದ್ದ ಮೇಲೆ ನಾವೇ ಕಳೆಯುತ್ತಿರುವ ದುಡ್ಡು.

ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಯೋಜನೆ ಇದು. ಬಡ ಮನೆಯ ಜಾಣ ಮಕ್ಕಳು ಎಂಟಕ್ಕೋ ಹತ್ತಕ್ಕೋ ಓದು ನಿಲ್ಲಿಸಬಾರದು ಎಂಬುದು ಅದರ ಉದ್ದೇಶ. ಮೊದಲು ವರ್ಷಕ್ಕೆ 6,000 ರೂಪಾಯಿ ಇತ್ತು. 2017ರ ಏಪ್ರಿಲ್‌ನಿಂದ 12,000 ಆಯಿತು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹೀಗೆ ನಾಲ್ಕು ವರ್ಷಕ್ಕೆ ಒಟ್ಟು 48,000. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಮಾತ್ರ. ಅದರಲ್ಲಿ ಆಂಧ್ರಪ್ರದೇಶದ ಪಾಲು 4,087. ಮನೆಯ ವರಮಾನ ಮೂರೂವರೆ ಲಕ್ಷ ದಾಟಿರಬಾರದು, ಮಗು ಸರ್ಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಮಳೆ ನಂಬಿ ಶೇಂಗಾ ಬಿತ್ತುವ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಹನ್ನೆರಡು ಸಾವಿರ ಅಂದರೆ ಏನೆಂದು ನಾನು ನಿಮಗೆ ಹೇಳಬೇಕಿಲ್ಲ. ಮಗುವಿನ ಬಸ್ಸಿನ ಖರ್ಚು, ಪುಸ್ತಕ, ಎರಡು ಜೊತೆ ಬಟ್ಟೆ ಅದರಲ್ಲಿ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, "ಇವಳ ಓದಿನಿಂದ ಮನೆಗೆ ಭಾರವಿಲ್ಲ" ಎಂದು ಅಜ್ಜಿಯ ಬಾಯಿ ಮುಚ್ಚಿಸಲು ಆಗುತ್ತದೆ. ನಗಬೇಡಿ, ಎಷ್ಟೋ ಹೆಣ್ಣುಮಕ್ಕಳ ಮದುವೆ ಎರಡು ವರ್ಷ ಮುಂದಕ್ಕೆ ಹೋಗಿರುವುದು ಈ ಒಂದು ಮಾತಿನಿಂದ.

ಪರೀಕ್ಷೆ ಗೆಲ್ಲುವುದು ಹೇಗೆ ಎಂದು ಹೇಳಿಕೊಡಲು ಮೇಷ್ಟ್ರುಗಳಿದ್ದಾರೆ. ಗೆದ್ದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಹೇಳುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಅದು ಕೈತಪ್ಪುವುದು ಒಂಬತ್ತರಲ್ಲಲ್ಲ, ಹತ್ತರಲ್ಲಲ್ಲ. ಹತ್ತು ಮುಗಿದು ಹನ್ನೊಂದಕ್ಕೆ ಹೋಗುವ ಆ ಒಂದು ಬೇಸಿಗೆಯಲ್ಲಿ. ಆಗ ಶಾಲೆ ಬದಲಾಗುತ್ತದೆ, ಊರು ಬದಲಾಗುತ್ತದೆ, ಪಾಠದ ಭಾಷೆ ಬದಲಾಗುತ್ತದೆ, ಕೆಲವರಿಗೆ ರಾಜ್ಯವೇ ಬದಲಾಗುತ್ತದೆ. ಈ ಬದಲಾವಣೆಗಳನ್ನು ಯಾರಿಗೂ ಕೇಳದೆ ಮಾಡುತ್ತೇವೆ. ಆಮೇಲೆ ದುಡ್ಡು ಬರಲಿಲ್ಲ ಎಂದು ಬ್ಯಾಂಕಿಗೆ ಅಲೆಯುತ್ತೇವೆ.

ಒಂದು ಉದಾಹರಣೆ ಹೇಳುತ್ತೇನೆ. ಹೆಸರು ಬೇಡ. ನಮ್ಮ ಬೀದಿಯ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂಟರಲ್ಲಿ ಈ ಪರೀಕ್ಷೆ ಗೆದ್ದಳು. ಒಂಬತ್ತು, ಹತ್ತರಲ್ಲಿ ದುಡ್ಡು ಬಂತು. ಹತ್ತರಲ್ಲಿ ಒಳ್ಳೆಯ ಅಂಕ. ಫಲಿತಾಂಶ ಬಂದ ವಾರದಲ್ಲೇ ಪಟ್ಟಣದ ಒಂದು ಖಾಸಗಿ ಕಾಲೇಜಿನವರು ಮನೆ ಬಾಗಿಲಿಗೆ ಬಂದರು. "ನಿಮ್ಮ ಹುಡುಗಿಗೆ ಫೀಸೇ ಬೇಡ, ಸೀಟು ಉಚಿತ" ಎಂದರು. ಅಪ್ಪನಿಗೆ ಸಂತೋಷ. ಸೇರಿಸಿದರು. ಆ ವರ್ಷ ವಿದ್ಯಾರ್ಥಿವೇತನ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಎರಡು ವರ್ಷದ 24,000 ರೂಪಾಯಿ ಹೋಯಿತು. ಖಾಸಗಿ ಕಾಲೇಜಿನಲ್ಲಿ ಓದುವವರಿಗೆ ಈ ವಿದ್ಯಾರ್ಥಿವೇತನ ಇಲ್ಲ ಎಂಬ ನಿಯಮ ಆ ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಅದೇ ಬೀದಿಯಲ್ಲಿದ್ದೆ. ಅವರು ಪೆಟ್ಟಿಗೆ ಕಟ್ಟಿಕೊಂಡು ಬಸ್ಸು ಹತ್ತಿದ ದಿನ "ಚೆನ್ನಾಗಿ ಓದು" ಎಂದು ಹೇಳಿ ಕಳಿಸಿದೆನೇ ಹೊರತು ಇದನ್ನು ಹೇಳಲಿಲ್ಲ. ಫೀಸಿಲ್ಲದ ಸೀಟಿಗೆ ಹಾಸ್ಟೆಲಿನ ಖರ್ಚು ಇದ್ದೇ ಇತ್ತು. ಅದಕ್ಕೆ ಅವರು ಸಾಲ ಮಾಡಿದರು. ಆ ಹುಡುಗಿ ಓದು ಮುಗಿಸಿದಳು ಅನ್ನಿ. ಆದರೂ ಆ ಸಾಲದ ಒಂದು ಪಾಲು ನನ್ನ ಲೆಕ್ಕಕ್ಕೂ ಸೇರಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಇವತ್ತು ಇಲ್ಲಿ ನಿಂತಿರುವುದೂ ಅದಕ್ಕೇ.

ಹಾಗಾದರೆ ನಿಯಮ ಏನು?

ಮೊದಲು ಅಂಕ. ಹನ್ನೊಂದರಲ್ಲಿ ಈ ವೇತನ ಮುಂದುವರಿಯಲು ಹತ್ತನೆಯ ತರಗತಿಯಲ್ಲಿ ನೂರಕ್ಕೆ 60 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ 55. ನಮ್ಮ ಹತ್ತರ ಪರೀಕ್ಷೆ 600 ಅಂಕದ್ದು. ಹಾಗಾಗಿ 360, ಅಥವಾ 330. ಈ ಎರಡು ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಹತ್ತು ಪಾಸಾಗಲು ಇಷ್ಟು ಬೇಕಿಲ್ಲ, ಆದ್ದರಿಂದ ಪಾಸಾದರೆ ಸಾಕು ಎಂದುಕೊಳ್ಳುವವರು ಇದ್ದಾರೆ. ನಮ್ಮ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲವಿದೆ. ಕನ್ನಡ ಪತ್ರಿಕೆಯ 100 ಅಂಕವೂ ಈ ಲೆಕ್ಕದಲ್ಲಿ ಸೇರುತ್ತದೆ. ಗಣಿತದಲ್ಲಿ ಬಿದ್ದ ಹಳ್ಳವನ್ನು ಕನ್ನಡದಲ್ಲಿ ತುಂಬಬಹುದು. "ಕನ್ನಡ ತಾನೇ, ಅದೇನು ಓದುವುದು" ಎಂದು ಆ ಪುಸ್ತಕ ಮುಚ್ಚಿಡಬೇಡಿ.

ಇನ್ನು ಒಂಬತ್ತರಿಂದ ಹತ್ತಕ್ಕೆ, ಹನ್ನೊಂದರಿಂದ ಹನ್ನೆರಡಕ್ಕೆ ಹೋಗುವಾಗ ಮಗು ಮೊದಲ ಪ್ರಯತ್ನದಲ್ಲೇ ಪೂರ್ತಿ ತೇರ್ಗಡೆಯಾಗಬೇಕು. ಇಲ್ಲಿ ಸ್ವಲ್ಪ ನಿಂತು ಕೇಳಿ, ಏಕೆಂದರೆ ನಮ್ಮ ಮಕ್ಕಳು ಜಾರುವುದು ಇಲ್ಲೇ. ಆಂಧ್ರದ ಇಂಟರ್‌ಮೀಡಿಯೆಟ್‌ನಲ್ಲಿ ಮೊದಲ ವರ್ಷ ಒಂದು ವಿಷಯ ಹೋದರೂ ಹುಡುಗನನ್ನು ಎರಡನೆಯ ವರ್ಷದಲ್ಲಿ ಕೂರಿಸುತ್ತಾರೆ. ಹೋದ ವಿಷಯವನ್ನು ಸಪ್ಲಿಮೆಂಟರಿಯಲ್ಲಿ ಬರೆದುಕೊಳ್ಳುತ್ತಾನೆ. ಕಾಲೇಜಿನ ಲೆಕ್ಕದಲ್ಲಿ ಅವನು ಎರಡನೆಯ ವರ್ಷದವನೇ, ಯಾರೂ ಏನೂ ಅನ್ನುವುದಿಲ್ಲ. ನೀವೂ ನಿಶ್ಚಿಂತೆಯಾಗಿರುತ್ತೀರಿ. ಆದರೆ ವಿದ್ಯಾರ್ಥಿವೇತನದ ಲೆಕ್ಕವೇ ಬೇರೆ. ಸಪ್ಲಿಮೆಂಟರಿಯಲ್ಲಿ ಬಂದ ಪಾಸು ಮೊದಲ ಪ್ರಯತ್ನದ ಪಾಸಲ್ಲ. ತರಗತಿ ಮುಂದೆ ಹೋಯಿತು, ವೇತನ ಹಿಂದೆ ಉಳಿಯಿತು. ಹಾಗೆಂದು ಅಂಚಿನಲ್ಲಿ ಪಾಸಾದರೆ ಸಾಕು ಎಂದು ಮಕ್ಕಳಿಗೆ ಹೇಳಬೇಡಿ. ನವೀಕರಣಕ್ಕೆ ಎಷ್ಟು ಅಂಕ ಎಂಬುದನ್ನು ಆ ವರ್ಷದ ಸೂಚನೆಯಲ್ಲಿ ನೋಡಿಕೊಂಡೇ ಗುರಿ ಇಡಿ.

ಈ ಮೊದಲ ವರ್ಷವೇ ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ ವರ್ಷ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಬಹುಮಟ್ಟಿಗೆ ಇಂಗ್ಲಿಷ್ ಪುಸ್ತಕ, ತೆಲುಗು ವಿವರಣೆ ಇರುವ ಕೊಠಡಿಯಲ್ಲಿ ಹೋಗಿ ಕೂರುತ್ತದೆ. "ದ್ಯುತಿಸಂಶ್ಲೇಷಣೆ" ಎಂದು ಕಲಿತ ವಿಷಯ ಅದಕ್ಕೆ ಗೊತ್ತೇ ಇದೆ, ಆದರೆ ಅದೇ ವಿಷಯ ಇಂಗ್ಲಿಷ್ ಹೆಸರಿನಲ್ಲಿ ಬಂದಾಗ ಗುರುತು ಹತ್ತುವುದಿಲ್ಲ. ಮೊದಲ ಮೂರು ತಿಂಗಳು ಹೀಗೆ ಹೋಗುತ್ತವೆ. ಇದು ದಡ್ಡತನವಲ್ಲ. ಹತ್ತು ಮುಗಿದ ಬೇಸಿಗೆಯಲ್ಲಿ ವಿಜ್ಞಾನ, ಗಣಿತದ ಕನ್ನಡ ಪದಗಳ ಎದುರಿಗೆ ಇಂಗ್ಲಿಷ್ ಪದ ಬರೆದ ಒಂದು ನೋಟುಪುಸ್ತಕವನ್ನು ಮಗುವೇ ಮಾಡಿಕೊಳ್ಳಲಿ. ನಮ್ಮ ಕನ್ನಡ ಮೇಷ್ಟ್ರುಗಳು ಅದಕ್ಕೆ ನೆರವಾಗುತ್ತಾರೆ, ಕೇಳುವವರು ಬೇಕು ಅಷ್ಟೆ.

ಅದರ ಮೇಲೆ ಈಚೆಗೆ ವೇಳಾಪಟ್ಟಿಯೂ ಬದಲಾಗಿದೆ. 2025-26ರಿಂದ ಇಂಟರ್‌ಮೀಡಿಯೆಟ್ ತರಗತಿಗಳು ಜೂನ್‌ಗೆ ಕಾಯದೆ ಏಪ್ರಿಲ್‌ನಲ್ಲೇ ಶುರುವಾಗುವ ಕ್ರಮ ಬಂತು. ಮೊದಲ ವರ್ಷಕ್ಕೆ ಎನ್.ಸಿ.ಇ.ಆರ್.ಟಿ. ಪಠ್ಯ ಬಂತು. ಎ, ಬಿ ಎಂದು ಎರಡು ಪತ್ರಿಕೆಯಾಗಿದ್ದ ಗಣಿತ ಒಂದೇ ಆಯಿತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿ ಜೀವಶಾಸ್ತ್ರ ಆಯಿತು. ಗಣಿತ, ಜೀವಶಾಸ್ತ್ರ ಎರಡನ್ನೂ ಒಟ್ಟಿಗೆ ಓದುವ ಹೊಸ ಗ್ರೂಪು ಕೂಡ ಬಂತು. "ಎಂಜಿನಿಯರೂ ಆಗಬಹುದು, ಡಾಕ್ಟರೂ ಆಗಬಹುದು" ಎಂದು ಅದಕ್ಕೆ ಆಸೆ ಪಡುವ ತಂದೆಯರನ್ನು ನೋಡಿದ್ದೇನೆ. ಆಸೆ ತಪ್ಪಲ್ಲ. ಆದರೆ ಭಾಷೆಯೇ ಬದಲಾದ ವರ್ಷದಲ್ಲಿ ಒಂದು ವಿಷಯ ಹೆಚ್ಚು ಹೊರಿಸಿ, ಅದರಲ್ಲಿ ಮಗು ಬಿದ್ದರೆ, ಮೊದಲ ಪ್ರಯತ್ನದ ನಿಯಮ ಅಲ್ಲಿ ಕಾದು ಕುಳಿತಿರುತ್ತದೆ. ಯಾವ ಗ್ರೂಪು ಎಂಬುದಕ್ಕೆ ಈ ಯೋಜನೆಯಲ್ಲಿ ಷರತ್ತಿಲ್ಲ. ಗಣಿತದ ಗ್ರೂಪಾದರೂ ಸರಿ, ಕಲಾ ಗ್ರೂಪಾದರೂ ಸರಿ. ಗ್ರೂಪು ಬದಲಿಸಿದ್ದಕ್ಕೇ ವೇತನ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ, ಆ ಹೆದರಿಕೆ ಬೇಡ. ತಡವಾಗಿ ಬದಲಿಸಿ, ಹಿಂದಿನ ಪಾಠವೂ ಇಲ್ಲ, ಮುಂದಿನದೂ ಇಲ್ಲ ಎಂಬಂತಾಗುವುದಕ್ಕೆ ಹೆದರಿ. ಬದಲಿಸುವುದಾದರೆ ಮೊದಲ ವಾರಗಳಲ್ಲೇ ಬದಲಿಸಿ.

ಕಾಲೇಜು ಯಾವುದು ಎಂಬುದು ಮಾತ್ರ ಷರತ್ತಿನ ವಿಷಯ. ಸರ್ಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಸಂಸ್ಥೆಯಲ್ಲಿ ರೆಗ್ಯುಲರ್ ವಿದ್ಯಾರ್ಥಿಯಾಗಿ ಓದಬೇಕು. ಪಾಲಿಟೆಕ್ನಿಕ್, ಐ.ಟಿ.ಐ. ಮುಂತಾದ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸಿಗೆ ಈ ವೇತನ ಇಲ್ಲ. ಊಟ, ವಸತಿ, ಪಾಠ ಎಲ್ಲವನ್ನೂ ಸರ್ಕಾರವೇ ಕೊಡುವ ವಸತಿ ಶಾಲೆ, ಕಾಲೇಜುಗಳಿಗೂ ಇಲ್ಲ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಒಳ್ಳೆಯ ಸರ್ಕಾರಿ ವಸತಿ ಕಾಲೇಜಿನಲ್ಲಿ ಸೀಟು ಸಿಕ್ಕರೆ, ಹನ್ನೆರಡು ಸಾವಿರ ಹೋಗುತ್ತದೆ ಎಂದು ಅದನ್ನು ಬಿಡಬೇಡಿ. ಎರಡು ಹೊತ್ತಿನ ಊಟ, ಸುರಕ್ಷಿತ ಕೊಠಡಿ, ಓದಲು ಬೆಳಕು ಇವುಗಳ ಬೆಲೆ ಅದಕ್ಕಿಂತ ಹೆಚ್ಚು. ಮಗನಿಗೆ ಯಂತ್ರದ ಕೆಲಸದಲ್ಲಿ ಮನಸ್ಸಿದ್ದರೆ ಪಾಲಿಟೆಕ್ನಿಕ್‌ಗೂ ಕಳಿಸಿ. ಗೊತ್ತಿದ್ದು ಬಿಟ್ಟರೆ ಅದು ನಿಮ್ಮ ತೀರ್ಮಾನ. ಗೊತ್ತಿಲ್ಲದೆ ಹೋದರೆ ಅದು ನಷ್ಟ. ನನ್ನ ತಕರಾರು ಎರಡನೆಯದಕ್ಕೆ ಮಾತ್ರ.

ಗಡಿ ದಾಟಿ ಓದಿಸುವವರಿಗೂ ಒಂದು ಮಾತು. ರಾಯದುರ್ಗದ ಕಡೆಯವರು ಬಳ್ಳಾರಿಗೆ, ಮೊಳಕಾಲ್ಮೂರಿಗೆ, ಮಡಕಶಿರಾದ ಕಡೆಯವರು ಶಿರಾಕ್ಕೆ, ಪಾವಗಡಕ್ಕೆ ಪಿ.ಯು.ಸಿ.ಗೆ ಮಕ್ಕಳನ್ನು ಕಳಿಸುವುದುಂಟು. ಅಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲೆ, ವಾಣಿಜ್ಯವನ್ನು ಕನ್ನಡದಲ್ಲೇ ಓದಬಹುದು ಎಂಬುದು ದೊಡ್ಡ ಆಕರ್ಷಣೆ. ನಾನು ಅದನ್ನು ಬೇಡ ಎನ್ನುವವನಲ್ಲ. ಆದರೆ ವಿದ್ಯಾರ್ಥಿವೇತನದ ದಾಖಲೆ ಆಂಧ್ರದಲ್ಲಿರುತ್ತದೆ, ಮಗು ಕರ್ನಾಟಕದಲ್ಲಿರುತ್ತದೆ. ಆದ್ದರಿಂದ ಟಿ.ಸಿ. ತೆಗೆಯುವ ಮೊದಲೇ ಜಿಲ್ಲಾ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ಬಾಯಿಮಾತಿನ "ಆಗುತ್ತೆ ಹೋಗಿ" ಎಂಬುದನ್ನು ಮುಂದಿನ ವರ್ಷ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮಡಕಶಿರಾದವರಿಗೆ ಇನ್ನೊಂದು ಎಚ್ಚರಿಕೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದ ಮೇಲೆ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಿಮ್ಮ ಜಿಲ್ಲಾ ಕಚೇರಿ ಪುಟ್ಟಪರ್ತಿಯಲ್ಲಿ. ರಾಯದುರ್ಗ, ಬೆಳುಗುಪ್ಪದವರಿಗೆ ಅನಂತಪುರವೇ. ಹಳೆಯ ಅಭ್ಯಾಸದಲ್ಲಿ ಅನಂತಪುರದ ಬಸ್ಸು ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳಬೇಡಿ.

ಈಗ ಅರ್ಜಿಯ ವಿಷಯ. ಎಂಟರಲ್ಲಿ ಒಮ್ಮೆ ಗೆದ್ದರೆ ನಾಲ್ಕು ವರ್ಷ ತಾನಾಗಿ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಹಾಕಿದರೆ ಮುಗಿಯಲಿಲ್ಲ. ಮೊದಲು ಕಾಲೇಜಿನವರು, ಆಮೇಲೆ ಜಿಲ್ಲೆಯವರು ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಕಾಲೇಜಿನಲ್ಲಿ ಯಾರೂ ಮುಟ್ಟದೆ ಬಿಟ್ಟ ಅರ್ಜಿ, ಹಾಕದ ಅರ್ಜಿಗೆ ಸಮ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಿಗೆ ಈ ಯೋಜನೆ ಚೆನ್ನಾಗಿ ಗೊತ್ತು, ಏಕೆಂದರೆ ಪರೀಕ್ಷೆ ಬರೆಸಿದವರೇ ಅವರು. ಜೂನಿಯರ್ ಕಾಲೇಜಿನ ಆಡಳಿತವೇ ಬೇರೆ. ನಾನಾ ಹೈಸ್ಕೂಲುಗಳಿಂದ ಬಂದ ಮಕ್ಕಳ ನಡುವೆ ನಿಮ್ಮ ಮಗು ಈ ವೇತನದ್ದು ಎಂದು ಅವರಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಸೇರಿದ ದಿನವೇ ಪ್ರಿನ್ಸಿಪಾಲರಿಗೆ ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಡಿ: ನನ್ನ ಮಗ ಅಥವಾ ಮಗಳು ಇಂಥ ವರ್ಷ ಈ ಪರೀಕ್ಷೆ ಗೆದ್ದಿದ್ದಾನೆ, ಗೆದ್ದಿದ್ದಾಳೆ, ಇದು ಅರ್ಜಿಯ ಸಂಖ್ಯೆ ಎಂದು. ಕಾಲೇಜಿನ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಹಳೆಯ ಹೈಸ್ಕೂಲಿನ ಹೆಸರಲ್ಲೇ ಅರ್ಜಿ ಹೋದರೆ ಅದು ಹಳೆಯ ಮೇಷ್ಟ್ರ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ, ಹೊಸ ಕಾಲೇಜಿಗೆ ಕಾಣುವುದೇ ಇಲ್ಲ.

ತರಗತಿ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಅರ್ಜಿ ಮಳೆಗಾಲದಲ್ಲಿ ಬರುತ್ತದೆ. ನಡುವೆ ಬೇಸಿಗೆ ರಜೆ, ಬಿತ್ತನೆ. ಆ ಅಂತರದಲ್ಲಿ ಮರೆಯುವುದು ಸಹಜ. ಕೊನೆಯ ದಿನ ವರ್ಷವರ್ಷಕ್ಕೂ ಬೇರೆ, ಆದ್ದರಿಂದ ಬಿತ್ತನೆಯ ಕೆಲಸ ಮುಗಿದ ವಾರವೇ ಕಾಲೇಜಿಗೆ ಹೋಗಿ ಕೇಳುವ ಪದ್ಧತಿ ಇಟ್ಟುಕೊಳ್ಳಿ. ಶೇಂಗಾ ಕೀಳುವವರೆಗೆ ಕಾಯಬೇಡಿ.

ಹೆಸರಿನ ತೊಂದರೆ ನಮಗೆ ವಿಶೇಷವಾದದ್ದು. ತೆಲುಗು ಶಾಲೆಯ ಮಗುವಿಗೆ ಇದು ಇಷ್ಟು ಕಾಡುವುದಿಲ್ಲ. ನಮ್ಮ ಹುಡುಗ ಕನ್ನಡ ಶಾಲೆಯ ದಾಖಲೆಯಲ್ಲಿ ಈರಣ್ಣ. ರೇಷನ್ ಕಾರ್ಡಿನಲ್ಲಿ ತೆಲುಗಿನಲ್ಲಿ ವೀರಣ್ಣ. ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ ಸೇರಿ ಇಂಗ್ಲಿಷಿನಲ್ಲಿ ಮೂರನೆಯದೊಂದು ರೂಪ. ಮಂಜುನಾಥನ ಕೊನೆಯ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ "ಎ" ಇದೆ, ಇನ್ನೊಂದು ಕಡೆ ಇಲ್ಲ. ನಮ್ಮ ಕಣ್ಣಿಗೆ ಒಬ್ಬನೇ ಹುಡುಗ. ಯಂತ್ರದ ಕಣ್ಣಿಗೆ ಇಬ್ಬರು. ಈಗ ಪೋರ್ಟಲ್‌ನಲ್ಲಿ ಆಧಾರ್ ಮೇಲೆ ಒಮ್ಮೆ ನೋಂದಣಿ ಮಾಡಿಸಿ ಹದಿನಾಲ್ಕು ಅಂಕಿಯ ಸಂಖ್ಯೆ ಪಡೆಯಬೇಕು, ದುಡ್ಡು ಬೀಳುವುದೂ ಆಧಾರ್ ಜೋಡಿಸಿದ ಖಾತೆಗೇ. ಹತ್ತರ ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ, ಅಂದರೆ ಒಂಬತ್ತರಲ್ಲೇ, ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ನೋಡಿ. ಹತ್ತರ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ತಿರುಗಾಟ.

ಇನ್ನು ಹನ್ನೆರಡರ ನಂತರ. ಇಂಟರ್‌ನಲ್ಲಿ ತಮ್ಮ ವಿಭಾಗದ ಪಾಸಾದವರ ಪೈಕಿ ಮೇಲಿನ ಐದನೆಯ ಒಂದು ಪಾಲಿನಲ್ಲಿ ಬಂದವರು ಪದವಿಗೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಅಲ್ಲಿ ವರಮಾನದ ಮಿತಿ ನಾಲ್ಕೂವರೆ ಲಕ್ಷ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ಪ್ರತಿ ವರ್ಷ ನೂರಕ್ಕೆ 50 ಅಂಕ, 75 ಹಾಜರಿ ಇರಬೇಕು. ದೂರಶಿಕ್ಷಣಕ್ಕೆ, ಡಿಪ್ಲೊಮಾಕ್ಕೆ ಇದೂ ಇಲ್ಲ. ರಾಜ್ಯದ ಶುಲ್ಕ ಮರುಪಾವತಿ ಪಡೆಯುವವರಿಗೆ ಇದು ಸಿಗುವುದಿಲ್ಲ. ಆದ್ದರಿಂದ ಎರಡರಲ್ಲಿ ಯಾವುದು ಹೆಚ್ಚು ಎಂದು ಕಾಗದದ ಮೇಲೆ ಲೆಕ್ಕ ಹಾಕಿಯೇ ಆರಿಸಿ. ಫೀಸು ದೊಡ್ಡದಿರುವ ಕೋರ್ಸಾದರೆ ಮರುಪಾವತಿಯೇ ಲಾಭವಾಗಬಹುದು.

ಕೊನೆಯದಾಗಿ ಒಂದು ಬೇಡಿಕೆಯ ಮಾತು. ಇಷ್ಟೆಲ್ಲ ನಿಯಮಗಳು ನಮಗೆ ತಿಳಿಯದಿರುವುದಕ್ಕೆ ನಮ್ಮ ಅಸಡ್ಡೆಯೊಂದೇ ಕಾರಣವಲ್ಲ. ನೋಟಿಸು ತೆಲುಗಿನಲ್ಲಿ ಬರುತ್ತದೆ, ಪೋರ್ಟಲ್ ಇಂಗ್ಲಿಷಿನಲ್ಲಿ ಮಾತಾಡುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಈ ಕಡೆ ಬಂದವು. ನಮ್ಮಂಥವರಿಗಾಗಿಯೇ 1956ರಲ್ಲಿ ಸಂವಿಧಾನಕ್ಕೆ 350-ಎ, 350-ಬಿ ವಿಧಿಗಳು ಸೇರಿದವು. ಅದೇ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಟಿಪ್ಪಣಿಯಲ್ಲಿ, ಒಂದು ಭಾಷೆಯವರು ನೂರಕ್ಕೆ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯವಾದ ಸರ್ಕಾರಿ ನೋಟಿಸು, ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸುವುದು ಒಳ್ಳೆಯದು ಎಂದು ಹೇಳಿದೆ. ಮಗುವಿನ ಹನ್ನೆರಡು ಸಾವಿರಕ್ಕಿಂತ ಮುಖ್ಯವಾದ ನೋಟಿಸು ನಮಗೆ ಯಾವುದಿದೆ? ಆ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆದು ಪ್ರತಿ ಕನ್ನಡ ಶಾಲೆಯ ಫಲಕಕ್ಕೆ ಹಚ್ಚಬೇಕೆಂದು ಮಂಡಲ ಶಿಕ್ಷಣಾಧಿಕಾರಿಗಳಿಗೆ ಒಂದು ಮನವಿ ಬರೆದು ತಂದಿದ್ದೇನೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಮೇಷ್ಟ್ರುಗಳು ಒಪ್ಪಿದರೆ ಆ ಹಾಳೆಯ ಕನ್ನಡವನ್ನು ನಾವೇ ಬರೆದುಕೊಡೋಣ.

ನಾನು ಸಂಜೆಯ ಬಸ್ಸಿನವರೆಗೆ ಇಲ್ಲೇ ಇರುತ್ತೇನೆ. ಪಾಸ್‌ಬುಕ್, ಆಧಾರ್ ತಂದವರು ಆ ಬೆಂಚಿನ ಹತ್ತಿರ ಬನ್ನಿ, ಹೆಸರು ತಾಳೆ ನೋಡೋಣ. ಈ ವರ್ಷ ಹತ್ತರಲ್ಲಿ ಮಕ್ಕಳಿರುವವರು ಮೊದಲು.